ವಾರಂಟಿ ಮುಗಿದ ಮೇಲೆ ಸಿಕ್ಕ ಮಿಸ್ತ್ರಿ

ಅವರ ಬಲಗಿವಿ ಯಾವಾಗಲೂ ಕರ್ರಗಿರುತ್ತಿತ್ತು. ಎಂಜಿನ್ ಚಾಲೂ ಇಟ್ಟು, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ ಹಚ್ಚಿ, ಅದರ ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಹಿಡಿಯ ಗ್ರೀಸೆಲ್ಲ ಕಿವಿಗೆ. ಆಗ ಯಾರಾದರೂ ಮಾತಾಡಿದರೆ ಎಡಗೈ ಎತ್ತಿ ಸುಮ್ಮನಾಗಿಸುವರು. ಹುಮನಾಬಾದಿನ ಹೆದ್ದಾರಿ ಪಕ್ಕದಲ್ಲಿ ಅವರದೊಂದು ತಗಡಿನ ಶೆಡ್ಡು. ಬೋರ್ಡು ಇರಲಿಲ್ಲ. ಊರಿಗೆಲ್ಲ ಅವರು ಮಿಸ್ತ್ರಿ, ನನಗೂ ಮಿಸ್ತ್ರಿಯೇ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೇಮಳಖೇಡದಲ್ಲಿ ಕಂಡವರ ಹೊಲ ದುಡಿದು ಅಪ್ಪ ನನ್ನನ್ನು ಓದಿಸಿದ. ಅದರಲ್ಲಿ ಅವನ ಮೊಣಕಾಲು ಸವೆದುಹೋದವು. ನಾನು ಬಸವಕಲ್ಯಾಣದಲ್ಲಿ ಹೈಸ್ಕೂಲ್ ಮಾಸ್ತರನಾದಾಗ ಅವನಿಗೆ ಬಸ್ಸಿನ ಮೆಟ್ಟಿಲು ಹತ್ತುವುದು ಆಗುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಹುಮನಾಬಾದಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಅದಕ್ಕೆಂದೇ ಸಾಲ ಮಾಡಿ ಕಾರು ಕೊಂಡೆ.

ಮೂರನೇ ವರ್ಷ, ವಾರಂಟಿ ಇನ್ನೂ ಆರು ತಿಂಗಳು ಇರುವಾಗ, ಮೂರನೇ ಗೇರಿನಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಸರ್ವಿಸಿಗೆ ಶೋರೂಮಿಗೆ ಹೋದಾಗ ಟೈ ಕಟ್ಟಿದವನೊಬ್ಬ ಏನಾದರೂ ತೊಂದರೆ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಗುಂಯ್ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ನಮ್ಮ ಮಾತಿನಲ್ಲಿ ಹೇಳಿದರೆ ಇವನು ನನ್ನನ್ನು ಓದದವನೆಂದು ತಿಳಿದಾನು ಎನಿಸಿತು. ‘ನೋ ಪ್ರಾಬ್ಲಮ್’ ಎಂದು ಸಹಿ ಹಾಕಿ ಬಂದೆ. ಸದ್ದು ಜೋರಾದ ಮೇಲೆ ಮತ್ತೆ ಹೋದೆ. ವಾರಂಟಿ ಮುಗಿದು ಐದು ವಾರವಾಗಿತ್ತು. ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು, ಲಕ್ಷ ದಾಟುತ್ತದೆ ಎಂದರು. ಸಾಲದ ಕಂತು ಕಟ್ಟಿ ಉಳಿಯುವ ಸಂಬಳದಲ್ಲಿ ಅದು ಆಗದ ಮಾತು. ಕಾರು ಮಾರಿಬಿಡಿ ಎಂದಳು ಹೆಂಡತಿ.

ಮಾರುವ ಮೊದಲು, ಸಹೋದ್ಯೋಗಿಯೊಬ್ಬರ ಮಾತಿಗೆ ಮಿಸ್ತ್ರಿಯ ಹತ್ತಿರ ಒಯ್ದೆ. ಅವರು ನನ್ನ ಪಕ್ಕ ಕೂತು ರಾಜೇಶ್ವರದ ತನಕ ಹೋಗಿಬಂದರು.

“ಯಾವಾಗಿಂದ ಅದರಿ ಈ ಆವಾಜ?”

“ಏಳೆಂಟು ತಿಂಗಳಾತ್ರಿ.”

“ಆವಾಗ ವಾರಂಟಿ ಇತ್ತಲ್ರಿ. ಯಾಕ ಹೇಳ್ಲಿಲ್ಲ?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. “ತಿಳೀದಿದ್ರ ಕೇಳ್ರಿ ಅಂತ ಹುಡುಗ್ರಿಗಿ ಕಲಸೋ ಮಾಸ್ತರ್ರು ನೀವು. ಎರಡು ಶಬ್ದ ಮಾತಾಡಿ ಬಂದೀರಿ. ಭಾಳ ತುಟ್ಟಿ ಇಂಗ್ಲಿಷ್ ಆತ್ ನೋಡ್ರಿ ಅದು.”

ಅವರದೊಂದು ಕರಾರಿತ್ತು. “ನೀವು ಎದುರಿಗಿ ಕುಂಡ್ರೂದಾದ್ರ ಬಿಚ್ತೀನಿ. ಗಾಡಿ ಬಿಟ್ಟು ಹೋಗ್ತೀನಿ ಅಂದ್ರ ಬ್ಯಾರೆ ಕಡಿ ನೋಡ್ರಿ.”

ಭಾನುವಾರ ಹೋಗಿ ಹಳೆ ಟೈರಿನ ಮೇಲೆ ಕೂತೆ. ಬಿಚ್ಚಿದ ನಟ್ಟು ಬೋಲ್ಟು ಹಾಕುವ ತಗಡಿನ ಪರಾತವನ್ನು ನನ್ನ ತೊಡೆಯ ಮೇಲಿಟ್ಟರು. ಪಕ್ಕದ ಪಂಕ್ಚರ್ ಅಂಗಡಿಯವನು, “ಮಿಸ್ತ್ರಿ, ನಿನ್ನ ಹೊಸ ಹೆಲ್ಪರ್ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಾನಲ್ಲೋ” ಎಂದ.

“ಹೆಲ್ಪರ್ ಅಲ್ಲೋ, ಮಾಲಕ. ತನ್ನ ಗಾಡಿಗಿ ಏನಾಗ್ಯಾದಂತ ಮಾಲಕಗ ಗೊತ್ತಾಗಬೇಕು.”

ಮಧ್ಯಾಹ್ನದ ಹೊತ್ತಿಗೆ ಒಂದು ಬೇರಿಂಗ್ ಹೊರಬಂತು. ಒರೆಸಿ ನನ್ನ ಕೈಗಿಟ್ಟು ತಿರುವಿ ನೋಡಲು ಹೇಳಿದರು. ಒಳಗೆ ಮರಳು ತುಂಬಿದ ಹಾಗೆ ಕರಕರ ಎಂದಿತು. ಲಕ್ಷದ ರೋಗ ಇಷ್ಟೇನಾ ಎಂದು ನನಗೆ ಖುಷಿಯಾಯಿತು. ಅವರಿಗೆ ಆಗಲಿಲ್ಲ. ಒಳಗಿನ ಶಾಫ್ಟಿನ ಮೇಲೆ ಉಗುರಾಡಿಸಿ, ನನ್ನ ಉಗುರನ್ನೂ ಆಡಿಸಲು ಹೇಳಿದರು. ಗೀರುಗಳು ತಟ್ಟಿದವು.

“ಇದೂ ತಿಂದದ. ಬೇರಿಂಗ್ ಹೊಸದು ಹಾಕ್ತೀನಿ, ಎರಡು ವರ್ಷ ಓಡ್ತದ. ಜಾಸ್ತಿ ಹೇಳಿದ್ರ ಸುಳ್ಳಾತದ. ಆಮ್ಯಾಲ ಶಾಫ್ಟು, ಗೇರು ಎಲ್ಲಾ ಕೂಡಿ ನಲವತ್ತು ಸಾವಿರ. ತಿಂಗಳಾ ಎರಡು ಸಾವಿರ ತೆಗೆದಿಡ್ರಿ. ಕಂಪನಿ ಜಿಮ್ಮೇದಾರಿ ಮುಗೀತು, ಇನ್ನ ನಿಮ್ಮದು ಸುರು.”

ಅವತ್ತು ಒಂಬತ್ತು ಸಾವಿರ ತೆಗೆದುಕೊಂಡರು. ಕಾರು ಉಳಿಯಿತು.

ನಾಲ್ಕು ತಿಂಗಳು ರೊಕ್ಕ ತೆಗೆದಿಟ್ಟೆ. ಆಮೇಲೆ ಮಗಳ ಫೀಸು ಬಂತು, ದೀಪಾವಳಿ ಬಂತು. ಇಟ್ಟದ್ದನ್ನೂ ಖರ್ಚು ಮಾಡಿದೆ. ಗಾಡಿ ಸದ್ದಿಲ್ಲದೆ ಓಡುತ್ತಿತ್ತಲ್ಲ, ಮುಂದೆ ನೋಡೋಣ ಎಂದುಕೊಂಡೆ. ಆದರೆ ಅಪ್ಪನನ್ನು ಡಾಕ್ಟರಿಗೆ ತೋರಿಸಿ ಆಯಿಲ್ ನೋಡಿಸಲು ನಿಂತಾಗಲೆಲ್ಲ ಮಿಸ್ತ್ರಿಯದು ಮೊದಲು ಅದೇ ಪ್ರಶ್ನೆ.

“ರೊಕ್ಕ ಇಡಾಕತ್ತೀರೇನ್ರಿ?”

“ಇಡಾಕತ್ತೇನ್ರಿ.”

“ಶಾಭಾಸ್” ಎಂದು ಚಹಾ ಹೇಳುತ್ತಿದ್ದರು. ನಿಜ ಹೇಳಿದ್ದರೆ ಬೈಯುತ್ತಿದ್ದರು, ಅಷ್ಟೇ. ಓದಿದವನು ಎರಡನೇ ಸಲವೂ ತಪ್ಪಿದ ಎಂದುಕೊಂಡಾರೆಂದು ಬಾಯಿ ಬಿಡಲಿಲ್ಲ.

ಎರಡು ವರ್ಷಕ್ಕೆ ಇನ್ನೂ ಎರಡು ತಿಂಗಳಿತ್ತು. ರಾಜೇಶ್ವರ ದಾಟಿದ್ದೆವು, ಅಪ್ಪ ಹಿಂದೆ ಕೂತಿದ್ದ. ಕಟಕಟ ಎಂದದ್ದೇ ಗಾಡಿ ನಿಂತಿತು, ಗೇರು ಬೀಳಲೇ ಇಲ್ಲ. ಮಿಸ್ತ್ರಿಗೆ ಫೋನು ಹಚ್ಚಿದೆ. ಎತ್ತಿದ್ದು ಅವರ ಮನೆಯವರು. “ಅವ್ರು ಹೋಗಿ ಹನ್ನೆರಡು ದಿನಾತ್ರಿ” ಎಂದರು. ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ.

ಮರುದಿನ ಮನೆಯವರನ್ನು ಮಾತಾಡಿಸಲು ಮಿಸ್ತ್ರಿಯ ಮನೆಗೆ ಹೋದೆ. ನನ್ನಂತೆಯೇ ಬಂದಿದ್ದ ಟೆಂಪೋ ಡ್ರೈವರನೊಬ್ಬ ಕಟ್ಟೆಯ ಮೇಲೆ ಕೂತಿದ್ದ. ನಾನು ಯಾರೆಂದು ಹೇಳುತ್ತಿದ್ದಂತೆ ಮಿಸ್ತ್ರಿಯ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಗೇರ್‌ಬಾಕ್ಸ್ ಮಾಸ್ತರ್ರೇನ್ರಿ? ಬಂದವರ ಮುಂದೆಲ್ಲ ನಿಮ್ಮ ಮಾತೇ ಹೇಳ್ತಿದ್ರು. ಆ ಮಾಸ್ತರ್ರು ಒಂದು ತಿಂಗಳೂ ತಪ್ಪದಂಗ ರೊಕ್ಕ ತೆಗೆದಿಡ್ತಾರ, ಓದಿದವ್ರು ಅಂದ್ರ ಹಂಗಿರಬೇಕು ಅಂತ” ಎಂದರು.

ಡ್ರೈವರ ಎದ್ದು ನಿಂತು ನನಗೆ ಜಾಗ ಬಿಟ್ಟ. “ನಂಗೂ ಹೇಳಿದ್ರು ಸರ. ನಿಮ್ಮ ಮಾತ್ ಕೇಳೇ ನಾನೂ ಸುರು ಮಾಡೀನಿ. ವರ್ಷಾತು, ತಪ್ಪಿಸಿಲ್ಲ.”

ನಾನು ಕೂತೆ. ಇಟ್ಟಿಲ್ಲ ಎನ್ನುವ ಒಂದು ಮಾತು ನಾಲಿಗೆಯ ಮೇಲೆ ಬಂದು ಹಿಂದೆ ಹೋಯಿತು. ಆ ಸಾವಿನ ಮನೆಯಲ್ಲಿ ಅದನ್ನು ಹೇಳಿದರೆ ಸುಳ್ಳನಾಗುವವನು ನಾನೊಬ್ಬನೇ ಆಗಿರಲಿಲ್ಲ.

ಈಗ ಕಾರು ಮನೆ ಮುಂದೆ ನಿಂತಿದೆ. ಅಪ್ಪ ನನ್ನ ಹೆಗಲು ಹಿಡಿದು ಬಸ್ಸಿನ ಒಂದು ಮೆಟ್ಟಿಲು ಹತ್ತುತ್ತಾನೆ, ನಿಲ್ಲುತ್ತಾನೆ, ಇನ್ನೊಂದು ಹತ್ತುತ್ತಾನೆ. ಹಿಂದಿನವರು ಬೇಗ ಬೇಗ ಎನ್ನುತ್ತಾರೆ. ಪ್ರತಿ ತಿಂಗಳು ಒಂದನೇ ತಾರೀಖಿಗೆ ಎರಡು ಸಾವಿರ ತೆಗೆದಿಡುತ್ತಿದ್ದೇನೆ. ಇನ್ನೂ ಹದಿನಾಲ್ಕು ತಿಂಗಳು ಬೇಕು. ಆಮೇಲಾದರೂ ಮಿಸ್ತ್ರಿ ಊರಿಗೆಲ್ಲ ಹೇಳಿಕೊಂಡು ಹೋದ ಮಾತು ನಿಜವಾದೀತು.