ಇಪ್ಪತ್ತೊಂಬತ್ತು ಜನರ ಓಟಿಪಿ

ಓಟಿಪಿ ಹೇಳಿ ಎಂದು ಕೇಳಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಸಿಟ್ಟೆಲ್ಲ ಬೇರೆಯವರ ಮೇಲಿನದು ಎಂದು ಯಾರೂ ತಿಳಿಯಬಾರದು.

ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಕೆಲವು ವರ್ಷಗಳಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಿಕ್ಷಕರಿಗೆ ತರಗತಿಯಲ್ಲಿ ಇಂಟರ್ನೆಟ್ ಬಳಸುವುದನ್ನು ಕಲಿಸುವ ಕೆಲಸವೂ ನನ್ನದೇ. ಆ ವರ್ಷ ಮೂವತ್ತು ಶಾಲೆಗಳಿಗೆ ಒಂದೊಂದು ದೊಡ್ಡ ಟಿ.ವಿ., ಅದಕ್ಕೆ ಇಂಟರ್ನೆಟ್ ಕೊಡುವ ಒಂದು ಪೆಟ್ಟಿಗೆ ಬಂದಿತ್ತು. ಶಾಲೆಗೊಬ್ಬರಂತೆ ಮೂವತ್ತು ಶಿಕ್ಷಕರು ಮಧುಗಿರಿಗೆ ಮೂರು ದಿನದ ತರಬೇತಿಗೆ ಬಂದರು. ಪ್ರತಿಯೊಬ್ಬರೂ ಫೋನಿನಲ್ಲಿ ಹನ್ನೆರಡು ಪಾಠ ನೋಡಿ, ಪ್ರತಿ ಪಾಠದ ಕೊನೆಯಲ್ಲಿರುವ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಒಂದು ತಿಂಗಳೊಳಗೆ ಮುಗಿಸದಿದ್ದರೆ ಆ ಶಾಲೆಯ ಟಿ.ವಿ. ವಾಪಸ್, ಬೇರೆ ಶಾಲೆಗೆ ಹೋಗುತ್ತದೆ. ಈ ಷರತ್ತನ್ನು ಮೊದಲ ದಿನ ಗಟ್ಟಿಯಾಗಿ ಓದಿ ಹೇಳಿದವನೂ ನಾನೇ.

ಮೂವತ್ತು ಫೋನುಗಳು ಒಮ್ಮೆಗೇ ಪಾಠ ತೆರೆದಾಗ ವಿಡಿಯೋ ನಿಂತೇ ಹೋಯಿತು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಊಟವಾದ ಮೇಲೆ ನಾನೊಂದು ದಾರಿ ಹುಡುಕಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಒಬ್ಬೊಬ್ಬರ ನಂಬರು ಹಾಕುವುದು, ಅವರ ಫೋನಿಗೆ ಬಂದ ಓಟಿಪಿ ಕೇಳುವುದು, ಪಾಠವನ್ನು ಓಡಿಸದೆ ಕೊನೆಗೆ ಎಳೆಯುವುದು, ಉತ್ತರ ಒತ್ತುವುದು. ಉತ್ತರಗಳು ಎಲ್ಲರಿಗೂ ಒಂದೇ. ಹನ್ನೆರಡು ಪಾಠಕ್ಕೆ ಆರು ನಿಮಿಷ ಸಾಕಾಗುತ್ತಿತ್ತು.

ರೇಷನ್ ಅಂಗಡಿಯ ಮುಂದೆ ನಿಂತಂತೆ ಎಲ್ಲರೂ ಸಾಲಾಗಿ ನಿಂತರು.

“ಸಾರ್, ನಂದು ಬೇಗ ಒತ್ಬುಡಿ, ಶಿರಾ ಬಸ್ಸು ಹೊಂಟೋಯ್ತದೆ.”

“ನಂಗೆ ಒಂದೆರಡು ತಪ್ಪು ಹಾಕಿ ಸಾರ್. ಎಲ್ಲಾ ಸರಿ ಬಂದ್ರೆ ನಮ್ಮನೇರೇ ನಂಬಾಕಿಲ್ಲ.”

ಒಬ್ಬರು ಮಾತ್ರ ಕುರ್ಚಿಯಿಂದ ಏಳಲಿಲ್ಲ. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಟೀಚರ್. ಐವತ್ತು ದಾಟಿದವರು. ಮೂರು ದಿನ ಕಾದು ಕಾದು ಎರಡು ಪಾಠ ಮುಗಿಸಿ ಮೂರನೆಯದರಲ್ಲಿದ್ದರು. ಯಾವುದನ್ನು ಒತ್ತಿದರೆ ಏನು ತೆರೆಯುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದರು.

“ಮೇಡಂ, ನಿಮ್ಮ ಓಟಿಪಿ ಹೇಳಿ” ಎಂದೆ.

“ಬ್ಯಾಡ ಸಾರ್. ನಾನೇ ನೋಡ್ಕಂತಾ ಇದೀನಿ.”

ಸಾಲಿನಲ್ಲಿದ್ದ ಮೇಷ್ಟ್ರೊಬ್ಬರು ರೇಗಿಸಿದರು: “ಏನ್ ಮೇಡಂ, ಕೆಎಎಸ್ ಪರೀಕ್ಷೆ ಕಟ್ಟಿದ್ದೀರಾ?”

“ಕಾಪಿ ಹೊಡುದ್ರೆ ಮಕ್ಳ ಕಿವಿ ಹಿಂಡ್ತೀನಿ ಕಣಪ್ಪ. ನಾನೇ ಹೊಡುದ್ರೆ ನನ್ ಕಿವಿ ಯಾರು ಹಿಂಡ್ತಾರೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಐದು ಗಂಟೆಗೆ ಇಪ್ಪತ್ತೊಂಬತ್ತು ಜನರದು ಮುಗಿದಿತ್ತು.

ಮೂರು ವಾರಗಳ ನಂತರ ಶಾಲೆಗಳನ್ನು ನೋಡಲು ಹೊರಟೆ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಒಂದು ಶಾಲೆಯಲ್ಲಿ ಟಿ.ವಿ.ಗೆ ಪೂಜೆ ಮಾಡಿದ ಕುಂಕುಮ ಒಣಗಿತ್ತು, ಪರದೆಯ ಪ್ಲಾಸ್ಟಿಕ್ ತೆಗೆದಿರಲಿಲ್ಲ. ಇನ್ನೊಂದರಲ್ಲಿ ಕಳ್ಳರ ಭಯಕ್ಕೆ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಇದ್ದ ಮುಖ್ಯ ಶಿಕ್ಷಕರು ಸರ್ವೆ ಕೆಲಸಕ್ಕೆ ಹೋಗಿದ್ದರು. ಮೂರನೆಯದರಲ್ಲಿ ಹಾಡು ಬರುತ್ತಿತ್ತು, ಮಕ್ಕಳು ಹೊರಗಿದ್ದರು.

ಪಾವಗಡದಾಚೆಯ ಆ ಶಾಲೆಯಲ್ಲಿ ಮಾತ್ರ ಮಕ್ಕಳು ಪರದೆಗೆ ಮೂಗು ತಾಗಿಸಿ ನಿಂತಿದ್ದರು. ಮೂರನೆಯ ಪಾಠ ನಕ್ಷೆಯದು. ಟೀಚರ್ ಆಕಾಶದಿಂದ ತೆಗೆದ ಚಿತ್ರದಲ್ಲಿ ಅವರ ಊರನ್ನೇ ತೆರೆದಿದ್ದರು. ಊರಾಚೆ ದೊಡ್ಡದಾಗಿ, ಕಪ್ಪುನೀಲಿಯಾಗಿ ಏನೋ ಹರಡಿಕೊಂಡಿತ್ತು.

“ಚೆರುವು, ಚೆರುವು” ಎಂದರು ಮಕ್ಕಳು. ಮನೆಯಲ್ಲಿ ತೆಲುಗು ಆಡುವ ಮಕ್ಕಳು. ಕೆರೆ ಎಂದು ಹೇಳುತ್ತಿದ್ದರು.

ಟೀಚರ್ ತಪ್ಪು ಎನ್ನಲಿಲ್ಲ. “ಕೆರೆ ಇಷ್ಟು ಚೌಕ ಇರ್ತದೇನ್ರೋ? ನಮ್ಮೂರ ಕೆರೆ ಏರಿ ಹೆಂಗೈತೆ, ಯೋಚ್ನೆ ಮಾಡಿ.”

ಆಮೇಲೆ ಒಬ್ಬ ಹುಡುಗಿ ಹತ್ತಿರ ಹೋಗಿ ಒಂದು ಗೆರೆಯ ಮೇಲೆ ಬೆರಳಿಟ್ಟಳು. “ಸೋಲಾರ್ ಪ್ಲೇಟ್ ಟೀಚರ್. ಇಲ್ಲಿ ನಮ್ಮಪ್ಪ ಒರೆಸ್ತಾರೆ.” ಅವಳಪ್ಪ ದಿನಾ ಹೋಗುವ ದಾರಿಯನ್ನು ಇಡೀ ತರಗತಿ ಬೆರಳಿನಿಂದ ಹಿಂಬಾಲಿಸಿತು. ನಾನು ಕಲಿಸಿದ್ದು ಒಂದು ತರಗತಿಯವರೆಗೆ ಹೀಗೆ ಬಂದು ತಲುಪಿದ್ದನ್ನು ಕಣ್ಣಾರೆ ಕಂಡದ್ದು ಅದೊಂದೇ ಸಲ.

“ಇನ್ನೂ ಒಂಬತ್ತು ಪಾಠ ಇವೆ ಮೇಡಂ. ಒಂದೇ ವಾರ ಉಳಿದಿರೋದು” ಎಂದೆ.

“ಒಂದು ಪಾಠ ನೋಡಿದ್ರೆ ಅದನ್ನ ಮಕ್ಳಿಗೆ ಮಾಡ್ದೆ ಮುಂದಕ್ಕೆ ಹೋಗಾಕೆ ಮನಸೇ ಬರಲ್ಲ ಸಾರ್.”

ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು. ಆರು ನಿಮಿಷದ ಕೆಲಸ. ಅಂದು ಕೇಳಲು ನನಗೆ ಬಾಯಿ ಬರಲಿಲ್ಲ.

ತಿಂಗಳು ತುಂಬಿದ ಮೇಲೆ ಪರಿಶೀಲನಾ ಸಭೆ ಶಿರಾದಲ್ಲಿ ನಡೆಯಿತು. ಪರದೆಯ ಮೇಲೆ ಮೂವತ್ತು ಹೆಸರು. ಇಪ್ಪತ್ತೊಂಬತ್ತು ಹಸಿರು, ಒಂದು ಕೆಂಪು. ಸಭೆ ನಡೆಸಲು ಬಂದಿದ್ದ ಅಧಿಕಾರಿ ಆ ಒಬ್ಬರನ್ನು ಎದ್ದು ನಿಲ್ಲಲು ಹೇಳಿದರು. ಗೋಡೆಯ ಗಡಿಯಾರ ನನಗೆ ಎದುರಾಗಿತ್ತು. ಹನ್ನೊಂದು ಹತ್ತಕ್ಕೆ ಎದ್ದವರು ಹನ್ನೊಂದು ಹದಿನೇಳರವರೆಗೆ ನಿಂತೇ ಇದ್ದರು.

“ಇಪ್ಪತ್ತೊಂಬತ್ತು ಜನಕ್ಕೆ ಆಗಿದ್ದು ನಿಮಗೊಬ್ಬರಿಗೆ ಯಾಕ್ರೀ ಆಗಲ್ಲ?”

“ಮಾಡ್ತಾ ಇದೀನಿ ಸಾರ್.”

“ತಿಂಗಳಿಗೆ ಮೂರು ಪಾಠ. ನಮ್ಮನೇಲಿ ಮಗಳು ಮೂರನೇ ಕ್ಲಾಸು. ಅವಳ ಕೈಗೆ ಕೊಟ್ರೆ ಒಂದು ಗಂಟೇಲಿ ಮುಗಿಸ್ತಾಳೆ. ಕಳಿಸ್ಲಾ?”

ಕೆಲವರು ನಕ್ಕರು. ನಕ್ಕವರ ಓಟಿಪಿಗಳನ್ನು ಒತ್ತಿದ್ದು ಇದೇ ಕೈ. ಟೀಚರ್ ಒಮ್ಮೆ ನನ್ನನ್ನು ನೋಡಿದರು. ಓಟಿಪಿಯ ಮಾತು ಅವರ ಬಾಯಿಂದ ಬರಲಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ. ಆ ಶಾಲೆಯ ಟಿ.ವಿ. ತೆಗೆಯಬೇಕೆಂದು ತೀರ್ಮಾನವಾಯಿತು.

ಮಧ್ಯಾಹ್ನ ಬಿಳಿ ಹಾಳೆಯಲ್ಲಿ ಬರೆದೆ: “ಇಪ್ಪತ್ತೊಂಬತ್ತು ಶಿಕ್ಷಕರ ಪಾಠಗಳನ್ನು ಅವರ ಓಟಿಪಿ ಪಡೆದು ನಾನೇ ಪೂರ್ಣಗೊಳಿಸಿರುತ್ತೇನೆ. ಸ್ವತಃ ಕಲಿತವರು ಉಳಿದ ಶಿಕ್ಷಕಿ ಒಬ್ಬರೇ.” ಸಹಿ ಹಾಕಿ ಅಧಿಕಾರಿಯ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. ನನಗೊಂದು ಟೀ ತರಿಸಿದರು.

“ಇದನ್ನ ನಾನು ತಗೊಂಡ್ರೆ ಮೂವತ್ತು ಶಾಲೆ ಟಿ.ವಿ.ನೂ ವಾಪಸ್ ತರಿಸಬೇಕು ಮೇಷ್ಟ್ರೇ. ತರಿಸ್ಲಾ?”

ಹಾಳೆ ಮೇಜಿನ ಮೇಲೆ ನನ್ನ ಕಡೆಗೆ ಜಾರಿ ಬಂತು. ಮಡಿಸಿ ಜೇಬಿಗಿಟ್ಟುಕೊಂಡೆ. ಯಾರೂ ನನ್ನ ಕೈ ಹಿಡಿದು ಇಡಿಸಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಒಂದು ವಿಷಯ ಅರ್ಥವಾಯಿತು. ಓದುವಾಗ ಆ ಮನುಷ್ಯನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅವರಿಗೆ ಗೊತ್ತಿತ್ತು. ಎಲ್ಲ ಕಡೆಯೂ ಹೀಗೇ ಮಾಡುತ್ತಾರೆಂದು ಗೊತ್ತಿದ್ದೇ ಆ ಹೆಂಗಸನ್ನು ಏಳು ನಿಮಿಷ ನಿಲ್ಲಿಸಿದ್ದರು. ಆ ಸಿಟ್ಟು ಇಂದಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಟಿ.ವಿ. ಬಿಚ್ಚಿ ತರಲು ನನ್ನನ್ನೇ ಕಳುಹಿಸಿದರು. ಬಾಡಿಗೆ ವ್ಯಾನು ಮಿಡಿಗೇಶಿ ದಾಟಿದ ಮೇಲೆ ಅಧಿಕಾರಿಯ ‘ತರಿಸ್ಲಾ?’ ಎಂಬ ಪ್ರಶ್ನೆಗೆ ಉತ್ತರ ಹೊಳೆಯಿತು. ತರಿಸಿ ಸಾರ್, ಎನ್ನಬೇಕಿತ್ತು. ನಾನು ನೋಡಿ ಬಂದ ಶಾಲೆಗಳಲ್ಲಿ ಪ್ಲಾಸ್ಟಿಕ್ಕಿನೊಳಗಿನ ಟಿ.ವಿ. ಹೋದರೆ ಯಾವ ಮಗು ಅಳುತ್ತಿತ್ತು? ಆದರೆ ನನ್ನನ್ನು ತಡೆದದ್ದು ಮಕ್ಕಳ ಯೋಚನೆಯಲ್ಲ. ಇಪ್ಪತ್ತೊಂಬತ್ತು ಮೇಷ್ಟ್ರುಗಳ ಮುಖ ನೋಡಬೇಕಲ್ಲ ಎಂಬ ಹೆದರಿಕೆ.

ಶಾಲೆಯಲ್ಲಿ ಟೀಚರ್ ಟಿ.ವಿ.ಯ ಧೂಳು ಒರೆಸಿ, ವೈರುಗಳನ್ನು ಸುತ್ತಿಟ್ಟಿದ್ದರು. ನಾಲ್ಕು ಸ್ಕ್ರೂ ಬಿಚ್ಚಿದೆ. ನಾನೂ ಡ್ರೈವರೂ ಎತ್ತಿಕೊಂಡು ಜಗಲಿ ಇಳಿಯುವಾಗ ಮಕ್ಕಳು ಎರಡೂ ಕಡೆ ಸರಿದು ನಿಂತರು.

“ಟೀವಿ ಎಲ್ಲಿಗೆ ಒಯ್ತಾರೆ ಟೀಚರ್?” ನಕ್ಷೆಯ ಮೇಲೆ ಬೆರಳಿಟ್ಟಿದ್ದ ಹುಡುಗಿ ಕೇಳಿದಳು.

“ರಿಪೇರಿಗೆ ಹೋಗ್ತೈತೆ ಕಣಮ್ಮ” ಎಂದರು ಟೀಚರ್.

ಒಂದು ಸುಳ್ಳು ಉತ್ತರ ಒತ್ತಿಸಲು ಒಪ್ಪದಿದ್ದವರು.

“ಮತ್ತೆ ಯಾವತ್ತು ಬತ್ತದೆ?”

ಅವರು ಹಾಜರಿ ಪುಸ್ತಕ ಕೈಗೆತ್ತಿಕೊಂಡರು. “ಸಾರ್‌ನ ಕೇಳಮ್ಮ” ಎಂದು ಹೇಳಿ ಒಳಗೆ ಹೋದರು. ಹುಡುಗಿ ನನ್ನ ಕಡೆ ತಿರುಗಿದಳು. ಟಿ.ವಿ.ಯ ಒಂದು ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು.