ವಾಲ್‌ಪೇಪರಿನ ಮೊಲ

ಬೀರುವಿನ ಬಾಗಿಲು ತೆಗೆದ ಕೂಡಲೇ ಆ ವಾಸನೆ ಬಂತು. ಕೋವಿಗೆ ಹಚ್ಚುವ ಎಣ್ಣೆ, ಒದ್ದೆಯಾಗಿ ಒಣಗಿದ ಉಣ್ಣೆ, ಎಲ್ಲೋ ಒಂದು ಎಳೆ ನಶ್ಯ. ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ಆ ಮನೆಯನ್ನು ಮಾರಿಯಾಗಿತ್ತು; ಶುಕ್ರವಾರ ಮಧ್ಯಾಹ್ನದೊಳಗೆ ಬೀಗದ ಕೈ ಕೊಡಬೇಕಿತ್ತು. ದೊಡ್ಡಮ್ಮ ಹೋಗಿ ಐದು ತಿಂಗಳು, ದೊಡ್ಡಪ್ಪ ಹೋಗಿ ಒಂಬತ್ತು ವರ್ಷ. ಆದರೂ ಅವರ ಹಸಿರು ಕೋಟು ಯಾರನ್ನೋ ಕಾಯುವವರ ಹಾಗೆ ಅಲ್ಲೇ ನೇತಾಡುತ್ತಿತ್ತು. ಜೇಬಿಗೆ ಕೈ ಹಾಕಿದರೆ ಹೊಡೆದು ಖಾಲಿಯಾದ ಕೆಂಪು ತೋಟಾ ಒಂದು ಸಿಕ್ಕಿತು. ಮೂಗಿಗೆ ಹಿಡಿದೆ. ಸುಟ್ಟ ಮದ್ದಿನ ವಾಸನೆ ಇಷ್ಟು ವರ್ಷ ಉಳಿಯುತ್ತದೋ, ನನ್ನ ಮೂಗೇ ಅದನ್ನು ಸೇರಿಸಿಕೊಂಡಿತೋ ಗೊತ್ತಿಲ್ಲ. ಹೊರಗೆ ಟ್ರಾಮು ತಿರುವಿನಲ್ಲಿ ಕಿರ್ರೆಂದಿತು. ಒಳಗೆ, ಬೀರುವಿನ ಮುಂದೆ, ನನಗೆ ಮತ್ತೆ ಹನ್ನೊಂದು ವರ್ಷವಾಯಿತು. ನೀವೂ ಎಂದಾದರೂ ಒಂದು ಮನೆ ಖಾಲಿ ಮಾಡಿದ್ದರೆ ಇದು ನಿಮಗೆ ಹೊಸದಲ್ಲ.

ಆಗ ಆ ಮನೆಯಲ್ಲಿ ನಾವು ಐದು ಜನ: ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ನಾನು. ಅರಸೀಕೆರೆ ಕಡೆಯವರು. ದೊಡ್ಡಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಊರಿನಲ್ಲಿದ್ದ ಅಜ್ಜಿಗೆ ವಾರವಾರ ನನ್ನ ಕೈಯಲ್ಲೇ ಕಾಗದ ಬರೆಸುತ್ತಿದ್ದರು. ನನ್ನ ಕನ್ನಡ ಉಳಿದದ್ದು ಆ ಕಾಗದಗಳಿಂದ. ಮುಂದಿನ ಕೋಣೆಯ ಗೋಡೆಗೆ ಕಂದು ಬಣ್ಣದ ದೊಡ್ಡ ದೊಡ್ಡ ಹೂಗಳ ವಾಲ್‌ಪೇಪರು. ಅದನ್ನು ಅಮ್ಮ, ದೊಡ್ಡಮ್ಮ ಇಬ್ಬರೇ ಅಂಟಿಸಿದ್ದು, ಹಾಗಾಗಿ ಕಿಟಕಿಯ ಪಕ್ಕದಲ್ಲಿ ಹೂಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಆ ಹೂಗಳ ಕೆಳಗೆ ಕುಳಿತು ದೊಡ್ಡಪ್ಪ ತಮ್ಮ ಅಪ್ಪನ ಕೇಪಿನ ಕೋವಿಯ ಕಥೆ ಹೇಳುತ್ತಿದ್ದರು: ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆಯೆಂಬ ಸೀಸದ ಕಾಳು ತುಂಬಿ, ಕೊಯ್ದ ಹುರುಳಿ ಹೊಲದಲ್ಲಿ ಮೊಲಕ್ಕೆ ಕಾದು ಕೂರುತ್ತಿದ್ದ ಬೆಳಗುಗಳು. ಹೇಳುವಾಗ ಅವರ ಕೈಯಲ್ಲಿ ಗ್ರೀಸು ಇರುತ್ತಿರಲಿಲ್ಲ, ಕೋವಿಯೇ ಇರುತ್ತಿತ್ತು.

ಆ ವರ್ಷ ಡಿಪೋದ ಗೆಳೆಯನೊಬ್ಬನ ಮೂಲಕ ಬಿಗಿನ್ ಹಿಲ್ ದಾರಿಯ ಒಬ್ಬ ರೈತನ ಪರಿಚಯವಾಯಿತು. ಆರ್ಥರ್ ಎಂದು ಅವನ ಹೆಸರು. ಅವನ ಎಲೆಕೋಸನ್ನು ಮೊಲಗಳು ಸಾಲುಸಾಲಾಗಿ ತಿಂದು ಹಾಕುತ್ತಿದ್ದವು. ಒಂದು ಭಾನುವಾರ ಬಾ, ನೀನು ಹೇಗೆ ಹೊಡೆಯುತ್ತೀಯ ನೋಡುತ್ತೇನೆ, ಸರಿಬಂದರೆ ಪ್ರತಿ ಭಾನುವಾರವೂ ಬಾ, ಇಲ್ಲದಿದ್ದರೆ ಅದೇ ಕೊನೆ ಎಂದಿದ್ದ. ಅಂದಿನಿಂದ ದೊಡ್ಡಪ್ಪನಿಗೆ ಊಟ ಸೇರಲಿಲ್ಲ. ಕೋವಿ ಇಡುವ ಕಬ್ಬಿಣದ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನ ಗೋಡೆಗೆ ಬಿಗಿದರು. ಪೊಲೀಸಿನವನು ಬಂದು ಅದನ್ನು ಎಳೆದು ನೋಡಿ, ದೊಡ್ಡಮ್ಮನ ಕಾಫಿ ಕುಡಿದು ಹೋದ, ಲೈಸೆನ್ಸು ಬಂತು. ಯಾವ ಕೋವಿ ಎನ್ನುವುದಕ್ಕೆ ಅಣ್ಣತಮ್ಮಂದಿರು ಎರಡು ವಾರ ವಾದ ಮಾಡಿದರು. ರೈಫಲ್ಲಾದರೆ ಗುರಿ ಖಚಿತ ಎಂದು ಅಪ್ಪ. ಅದರ ಗುಂಡು ತಪ್ಪಿದರೆ ಬೇಲಿ ದಾಟಿ ಯಾರ ಮನೆ ಕಿಟಕಿಗೆ ಹೋಗುತ್ತದೋ, ಹೊಲದ ಮಧ್ಯೆ ಜನ ನಾಯಿ ಕಟ್ಟಿಕೊಂಡು ಓಡಾಡುತ್ತಾರೆ, ಚರೆಯಾದರೆ ಸ್ವಲ್ಪ ದೂರಕ್ಕೇ ಬಿದ್ದು ಹೋಗುತ್ತದೆ ಎಂದು ದೊಡ್ಡಪ್ಪ. ಅಂಗಡಿಯವನು ಬೆತ್ತದಂತೆ ಸಣ್ಣಗಿದ್ದ ಫೋರ್-ಟೆನ್ ಎಂಬ ಕೋವಿ ತೋರಿಸಿದ. ಹಗುರ ನಿಜ, ಆದರೆ ಅದರಲ್ಲಿ ಹಿಡಿಯುವ ಚರೆ ಒಂದು ಚಮಚ. ಮೊಲ ತೀರ ಹತ್ತಿರ ಬರಬೇಕು. ಕೊನೆಗೆ ಹಳೆಯದೊಂದು ಹನ್ನೆರಡು ಬೋರಿನ ಜೋಡಿನಳಿಗೆಯನ್ನು ಹೆಗಲಿಗೆ ಇಟ್ಟು ನೋಡಿದರು. ಇಟ್ಟವರು ಇಳಿಸಲಿಲ್ಲ.

ಇನ್ನು ತೋಟಾ. ಶನಿವಾರ ಸಂಜೆ ಊಟದ ಮೇಜಿನ ಮೇಲೆ ಎರಡು ಪೆಟ್ಟಿಗೆ ಬಂದು ಕೂತವು, ಒಂದು ಮೂರನೇ ನಂಬರಿನದು, ಇನ್ನೊಂದು ಆರನೆಯದು. ಇಂಗ್ಲಿಷ್ ಓದುವ ಕೆಲಸ ನನ್ನದು. ಅಂಗಡಿಯವನು ಕೊಟ್ಟ ಚೀಟಿಯಲ್ಲಿ ಮೂರನೇ ನಂಬರು ಬಾತುಗಳಂಥ ದೊಡ್ಡ ಹಕ್ಕಿಗೆ, ಮೊಲಕ್ಕೆ ಐದು ಇಲ್ಲವೆ ಆರು ಎಂದಿತ್ತು. ದೊಡ್ಡಪ್ಪ ಒಂದೊಂದು ತೋಟಾ ಬಿಚ್ಚಿ ಚರೆಯನ್ನು ಸ್ಟೀಲ್ ತಟ್ಟೆಗೆ ಸುರಿದರು. ಮೂರರದ್ದು ಕೊತ್ತಂಬರಿ ಬೀಜದ ಹಾಗೆ, ಆರರದ್ದು ಸಾಸಿವೆಯ ಹಾಗೆ. ನಂಬರು ದೊಡ್ಡದಾದಷ್ಟೂ ಚರೆ ಸಣ್ಣದು. ದೊಡ್ಡಪ್ಪ ಸಾಸಿವೆಯನ್ನು ಬೆರಳಲ್ಲಿ ಆಡಿಸಿ ನಕ್ಕುಬಿಟ್ಟರು.

"ಇದರಲ್ಲಿ ಮೊಲ ಸಾಯ್ತದೇನವ್ವಾ? ಇದು ಒಗ್ಗರಣೆಗೆ ಆಯ್ತದೆ. ನಮ್ಮಪ್ಪ ಜೀವಮಾನವೆಲ್ಲ ದೊಡ್ಡ ಚರೇನೇ ತುಂಬಿದ್ದು. ಮೊಲಕ್ಕೂ ಅದೇ, ಹಂದಿಗೂ ಅದೇ."

"ಹಂಗಾದ್ರೆ ಡಿಪೋದಲ್ಲಿ ಬಸ್ಸಿಗೂ ಸೈಕಲ್ಲಿಗೂ ಒಂದೇ ಟೈರು ಹಾಕ್ತೀರೇನೋ," ಎಂದರು ಒಲೆಯ ಮುಂದಿನಿಂದ ದೊಡ್ಡಮ್ಮ.

ಅವರ ಅಪ್ಪನ ಲೆಕ್ಕಾಚಾರವೂ ಸುಳ್ಳಲ್ಲ. ಕೇಪಿನ ಕೋವಿಯಲ್ಲಿ ಒಮ್ಮೆ ತುಂಬಿದ್ದನ್ನು ತೆಗೆಯುವುದು ಸುಲಭವಲ್ಲ, ಇರುವುದು ಒಂದೇ ಈಡು, ಪೊದೆಯಿಂದ ಏನು ಹೊರಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಯಾವುದಕ್ಕೂ ಇರಲಿ ಎಂದು ದೊಡ್ಡ ಚರೆ. ಆದರೆ ಚೀಟಿಯಲ್ಲಿ ಇರುವುದು ಇದು ಎಂದು ನಾನೂ ಹಟ ಹಿಡಿದೆ. ದೊಡ್ಡಪ್ಪನ ಮುಖ ಬಿಗಿಯಿತು. ಆಗ ದೊಡ್ಡಮ್ಮ ಮಿಕ್ಕಿದ್ದ ವಾಲ್‌ಪೇಪರಿನ ಸುರುಳಿ ತಂದು ಮೇಜಿನ ಮೇಲೆ ಹಾಕಿ, ಜಗಳ ಯಾಕೆ, ಮೊದಲು ಕಾಗದಕ್ಕೆ ಹೊಡೆದು ನೋಡಿ ಎಂದರು. ಅದರ ಬಿಳಿ ಬೆನ್ನಿನ ಮೇಲೆ ನಾನು ಪಕ್ಕಪಕ್ಕದಲ್ಲಿ, ನಡುವೆ ನಾಲ್ಕು ಮೊಳ ಬಿಟ್ಟು, ನಿಜವಾದ ಅಳತೆಯ ಎರಡು ಮೊಲ ಬರೆದೆ. ಕಿವಿ ಉದ್ದವಾಯಿತು, ಕತ್ತೆಯಾಯಿತು ಎಂದು ಎಲ್ಲರೂ ನಕ್ಕರು. ಖುಷಿಗೆ ಅಂದು ನನಗೆ ನಿದ್ದೆ ಹತ್ತಲಿಲ್ಲ. ಅಪ್ಪ, ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ಹೋಗುವುದೆಂದು ಆಗಿತ್ತು.

ಬೆಳಿಗ್ಗೆ ಹೊಲದ ತುಂಬ ಇಬ್ಬನಿ ಹೆಪ್ಪುಗಟ್ಟಿ ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತಿತ್ತು. ಆರ್ಥರ್ ಕೈ ಕಟ್ಟಿ ನಿಂತಿದ್ದ, ಪಕ್ಕದಲ್ಲಿ ನಾಯಿ. ಬಿಳಿ ಸುಣ್ಣಮಣ್ಣಿನ ದಿಬ್ಬಕ್ಕೆ ಒರಗಿಸಿದಂತೆ ಗೂಟ ನೆಟ್ಟು ಕಾಗದ ಬಿಗಿದೆವು. ಮೂವತ್ತು ಹೆಜ್ಜೆ ಎಣಿಸಿ ದೊಡ್ಡಪ್ಪ ನಿಂತರು. ಮೊದಲ ಮೊಲಕ್ಕೆ ಮೂರನೇ ನಂಬರು. ಸದ್ದಿಗೆ ಬೇಲಿಯ ಪಾರಿವಾಳಗಳೆಲ್ಲ ಎದ್ದವು, ನನ್ನ ಎದೆಯೂ ಅವುಗಳ ಜೊತೆ ಹಾರಿತು. ಓಡಿದೆ. ಮೊಲದ ಮೈಮೇಲೆ ನಾಲ್ಕು ತೂತು, ತಲೆಗೆ ಒಂದೂ ಇಲ್ಲ. ನಡುವಿನ ಖಾಲಿ ಜಾಗದಲ್ಲಿ ನನ್ನ ಮುಷ್ಟಿ ಹಿಡಿಸುತ್ತಿತ್ತು. ಎರಡನೆಯದಕ್ಕೆ ಆರನೇ ನಂಬರು. ಹದಿನೇಳು ತೂತು, ಐದು ತಲೆಯಲ್ಲೇ. ನಾನು ಗಟ್ಟಿಯಾಗಿ ಎಣಿಸಿದೆ. ಎಣಿಸಿ ಮುಗಿದ ಮೇಲೆ ಭಯವಾಯಿತು. ಪರೀಕ್ಷೆ ಮಾಡಲು ನಿಂತ ಹೊರಗಿನವನ ಎದುರಿಗೆ ದೊಡ್ಡಪ್ಪನನ್ನು, ಅವರ ಅಪ್ಪನನ್ನೂ ಸೇರಿಸಿ, ತಪ್ಪೆಂದು ನಾನು ತೋರಿಸಿಬಿಟ್ಟಿದ್ದೆ.

ದೊಡ್ಡಪ್ಪ ಬಂದು ಆ ನಾಲ್ಕು ತೂತುಗಳ ಮುಂದೆ ಬಗ್ಗಿದರು. ಒಂದೊಂದರ ಮೇಲೂ ಕಿರುಬೆರಳು ಇಟ್ಟು ತೆಗೆದರು.

"ಇದರಲ್ಲಿ ಹೊಡೆದಿದ್ರೆ ಗಾಯ ಆಗಿ ಬಿಲ ಸೇರಿ ನರಳ್ತಿತ್ತು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮಪ್ಪನ ಕೋವಿಗೆ ಅವನ ಮಾತು ಸರಿ. ಈ ಕೋವಿಗೆ ನಿನ್ನ ಮಾತು ಸರಿ ಕಣವ್ವ."

ಜೇಬಿನಲ್ಲಿದ್ದ ಮೂರನೇ ನಂಬರಿನ ತೋಟಾಗಳನ್ನೆಲ್ಲ ತೆಗೆದು ಅಪ್ಪನ ಕೈಗೆ ಕೊಟ್ಟರು. ಏನಂದ ಎಂದು ಆರ್ಥರ್ ನನ್ನನ್ನು ಕೇಳಿದ, ಹೇಳಿದೆ. ಅವನು ಟೋಪಿ ಹಿಂದಕ್ಕೆ ಸರಿಸಿ, ಇಲ್ಲಿಗೆ ಬರುವವರೆಲ್ಲ ಬಂದ ತಕ್ಷಣ ಮೊಲಕ್ಕೇ ಹೊಡೆಯುತ್ತಾರೆ, ಕಾಗದಕ್ಕೆ ಹೊಡೆದವರು ನೀವೇ ಮೊದಲು, ಮುಂದಿನ ಭಾನುವಾರ ಗೇಟು ತೆಗೆದಿರುತ್ತದೆ ಎಂದ. ಇನ್ನೂ ಒಂದು ಮೊಲವೂ ಬಿದ್ದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡು ಬಿದ್ದವು. ಸಂಜೆ ಮುದ್ದೆ, ಮೊಲದ ಸಾರು. ಹಲ್ಲಿಗೆ ಸಿಕ್ಕ ಚರೆಯನ್ನು ಒಬ್ಬೊಬ್ಬರೂ ತಟ್ಟೆಯ ಅಂಚಿಗೆ ಟಿಣ್ಣೆಂದು ಹಾಕುತ್ತಿದ್ದರೆ, ಒಗ್ಗರಣೆ ಸಾಸಿವೆ ನೋಡಿಕೊಂಡು ಅಗಿಯಿರಿ ಎಂದು ದೊಡ್ಡಮ್ಮ ದೊಡ್ಡಪ್ಪನ ಕಾಲೆಳೆದರು.

ಹದಿನಾಲ್ಕು ವರ್ಷ ಆ ಗೇಟು ತೆರೆದಿತ್ತು. ಕಣ್ಣು ಮಂಜಾದಾಗ ದೊಡ್ಡಪ್ಪ ತಾವೇ ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ ಪೊಲೀಸಿಗೆ ಒಪ್ಪಿಸಿ ಬಂದರು.

ಬೀರುವಿನ ಮೂಲೆಯಲ್ಲಿ ಕೋಟಿನ ಹಿಂದೆ ಒಂದು ಸುರುಳಿ ನಿಂತಿತ್ತು. ಬಿಚ್ಚಿದೆ. ಕಾಗದದಿಂದ ಕತ್ತರಿಸಿ ಇಟ್ಟಿದ್ದ ಎರಡನೆಯ ಮೊಲ, ಕತ್ತೆಯ ಕಿವಿ, ಹದಿನೇಳು ತೂತು. ತಿರುಗಿಸಿದರೆ ಕಂದು ಹೂಗಳು. ಮುಂದಿನ ಕೋಣೆಯ ಗೋಡೆಯಿಂದ ಅವನ್ನು ಕಿತ್ತು ಬಿಳಿ ಬಣ್ಣ ಬಳಿದು ಎಷ್ಟೋ ಕಾಲವಾಗಿತ್ತು. ಆ ಗೋಡೆ ಈಗ ಇದ್ದದ್ದು ನನ್ನ ಕೈಯಲ್ಲಿ ಮಾತ್ರ. ಪೆಟ್ಟಿಗೆ ಕಟ್ಟುತ್ತಿದ್ದ ಮಗಳು ಹೂಗಳನ್ನು ನೋಡಿ, ಈ ಗೋಡೆಗೆ ಗುಂಡು ಹೊಡೆದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಿಮ್ಮ ದೊಡ್ಡಜ್ಜ, ತೋಟಾ ಆರಿಸಿದ್ದು ನಾನು ಎಂದೆ. ಅವಳು ನಂಬದೆ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಖಾಲಿ ಕೋಣೆಯ ಕಿಟಕಿಗೆ ಎತ್ತಿ ಹಿಡಿದೆವು. ಹದಿನೇಳು ತೂತುಗಳಿಂದಲೂ ಬೆಳಕು ಬಂದು ಬರಿಯ ನೆಲದ ಮೇಲೆ ಸಾಸಿವೆ ಚೆಲ್ಲಿದಂತೆ ಬಿತ್ತು.