ಯಾನ್ ಕರೆದ ದನಿ

ಮೇ ಆಂಟಿ, ನಿಮ್ಮ ಸತ್ತ ಮಗಳ ದನಿಯನ್ನು ಕದ್ದವಳು ನಾನು. ಆ ದಿನ ಕತ್ತಲ ಹಾಲ್‌ನಲ್ಲಿ ನಿಮ್ಮನ್ನು ಕರೆದದ್ದು ಯಾನ್‌ಳ ಆತ್ಮವಲ್ಲ — ನೀವೇ ನಂಬಿ ನನ್ನ ಕೈಗೆ ಕೊಟ್ಟ ಕ್ಯಾಸೆಟ್ಟು. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಮಗೆ ಒಂದಕ್ಷರವೂ ಓದಲು ಬರುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದೂ. ಹೇಡಿತನಕ್ಕೂ ಒಂದು ಮಿತಿ ಇರಬೇಕು. ನನಗಿಲ್ಲ.

ನಿಮ್ಮ ಕಾದಂಬರಿಯನ್ನು ಚೀನೀ ಭಾಷೆಯಲ್ಲಿ ಸಿನಿಮಾ ಮಾಡಿದ ತಂಡಕ್ಕೆ ನಾನು ಬಂದದ್ದು ಶಬ್ದದ ಕೆಲಸಕ್ಕೆ. ಚಿತ್ರೀಕರಣವೆಲ್ಲ ಚೀನಾದಲ್ಲಿ ಮುಗಿದಿತ್ತು. ನಿರ್ದೇಶಕಿ ಮೌಂಟನ್ ವ್ಯೂನಲ್ಲಿ ಬೆಳೆದವಳು, ಶಬ್ದವನ್ನು ಇಲ್ಲಿಯೇ ಮಾಡೋಣ ಎಂದಳು. ಮೈಸೂರಿನವಳಾದ ನನಗೆ ಚೀನೀ ಭಾಷೆ ಎಲ್ಲಿಂದ ಬರಬೇಕು? ಆದರೂ ಒಪ್ಪಿದೆ, ಏಕೆಂದರೆ ಕಥೆಯ ಜೀವವೆಲ್ಲ ಒಂದೇ ಕೂಗಿನಲ್ಲಿತ್ತು. ಹೊಳೆಯಲ್ಲಿ ಮುಳುಗಿ ಸತ್ತ ಹುಡುಗಿ ಬಾಗಿಲಾಚೆ ನಿಂತು 'ಮಾ, ಬಾಗಿಲು ತೆಗಿ' ಎಂದು ಕರೆಯುತ್ತಾಳೆ. ತಾಯಿ ಓಗೊಟ್ಟರೆ ಮುಗಿಯಿತು, ಮತ್ತೆಂದೂ ಆ ಮನೆಯ ಬಾಗಿಲಿಗೆ ಬೀಗ ಹಾಕುವಂತಿಲ್ಲ. ಇದು ನಿಮ್ಮ ಊರಿನವರ ನಂಬಿಕೆ. ಕಥೆ ನಿಮ್ಮ ಮನೆಯದೇ, ಆ ಹುಡುಗಿ ನಿಮ್ಮ ಯಾನ್ ಎಂದು ನನಗೆ ತಿಳಿದದ್ದು ಮಿಲ್ಪಿಟಾಸಿನ ನಿಮ್ಮ ಅಡುಗೆಮನೆಯಲ್ಲಿ ಕೂತಾಗ.

ನಿಮ್ಮ ಯಜಮಾನರು ಹೊಸದಾಗಿ ಕೊಂಡಿದ್ದ ಟೇಪ್‌ರೆಕಾರ್ಡರ್ ಪರೀಕ್ಷಿಸುತ್ತಿದ್ದಾಗ ಯಾನ್ ಸ್ಕೂಲಿನಿಂದ ಬಂದು ಹೊರಗಿನಿಂದ ಅದೇ ಮಾತು ಕೂಗಿದ್ದಳಂತೆ. ಟೇಪಿನಲ್ಲಿ ಉಳಿದದ್ದು ಅಷ್ಟೇ. "ಕೇಳಿಸಿಕೋ, ಆ ಪಾತ್ರದ ಬಾಲನಟಿಗೆ ಕಲಿಸು, ವಾಪಸ್ ಕೊಡು" ಎಂದಿರಿ. "ಗುರುತಿಲ್ಲದವರ ಮುಂದೆ ನನ್ನ ಮಗಳು ಕರೆಯಬಾರದು." ಖಂಡಿತ ಆಂಟಿ, ಎಂದೆ. ನೀವು ನನ್ನ ಕೈ ಹಿಡಿದುಕೊಂಡೇ ಕ್ಯಾಸೆಟ್ಟು ಕೊಟ್ಟಿರಿ.

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಸರಿಯಾದ ಶಬ್ದ ಸಿಗುವ ತನಕ ಆ ಜಾಗದಲ್ಲಿ ಇನ್ಯಾವುದನ್ನೋ ತಾತ್ಕಾಲಿಕವಾಗಿ ಕೂರಿಸುತ್ತೇವೆ. ಟೆಂಪು ಎನ್ನುತ್ತೇವೆ ಅದಕ್ಕೆ. ಕೇಳಿ ಕೇಳಿ ಟೆಂಪಿನ ಮೇಲೇ ಮೋಹ ಹುಟ್ಟಿಬಿಡುತ್ತದೆ, ಆಮೇಲೆ ಏನು ತಂದರೂ ರುಚಿಸುವುದಿಲ್ಲ. ಇದು ಹೊಸಬರಿಗೆ ನಾನೇ ಹೇಳುವ ಬುದ್ಧಿಮಾತು. ಅಂಥ ನಾನೇ ಯಾನ್‌ಳ ದನಿಯನ್ನು ಟೆಂಪು ಮಾಡಿ ಕೂರಿಸಿದೆ — ಬಾಲನಟಿ ಬರುವವರೆಗೆ ಅಂತ. ಬಾಲನಟಿ ಬಂದಳು, ಪಾಪ, ಮತ್ತೆ ಮತ್ತೆ ಕೂಗಿದಳು. ಅವಳು ಸತ್ತ ಮಗುವಿನ ಹಾಗೆ ಕೂಗುತ್ತಿದ್ದಳು. ಯಾನ್ ಹಸಿದು ಮನೆಗೆ ಬಂದ ಮಗುವಿನ ಹಾಗೆ ಕೂಗುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ, ಹಾಡುಹಗಲಲ್ಲೂ, ನನ್ನ ಕತ್ತು ತಾನಾಗಿಯೇ ಸ್ಟುಡಿಯೋ ಬಾಗಿಲ ಕಡೆ ತಿರುಗುತ್ತಿತ್ತು.

"ಯಾರ ದನಿ ಇದು? ಇದನ್ನ ಮುಟ್ಟಬೇಡ" ಎಂದಳು ನಿರ್ದೇಶಕಿ. ಆಗಲೇ ಹೇಳಿಬಿಡಬಹುದಿತ್ತು. ಫ್ರೀಮಾಂಟಿನ ಪರಿಚಯದವರ ಮಗು ಎಂದೆ. ಕ್ಯಾಸೆಟ್ಟನ್ನು ನಿಮಗೆ ವಾಪಸ್ ಕೊಟ್ಟೆ. ದನಿಯನ್ನು ಕೊಡಲಿಲ್ಲ.

ತಂಡದವರಿಗೆಂದು ಮೊದಲ ಪ್ರದರ್ಶನ ಇಟ್ಟ ದಿನ ನೀವು ಮುಂದಿನ ಸಾಲಿನಲ್ಲಿದ್ದಿರಿ. ಆ ಕೂಗು ಬಂದದ್ದೇ ತಡ, ನೀವು ಎದ್ದು ನಿಂತು ಪರದೆಗೆ ಏನೋ ಹೇಳಿದಿರಿ. ಏನಂದರು ಎಂದು ನಿರ್ದೇಶಕಿಯನ್ನು ಪಿಸುಮಾತಿನಲ್ಲಿ ಕೇಳಿದೆ. 'ತೆಗೆದೇ ಇದೆ, ಬಾ' ಅಂದರಂತೆ. ಓಗೊಟ್ಟುಬಿಟ್ಟಿದ್ದಿರಿ.

ಹೊರಗೆ, ಪಾರ್ಕಿಂಗ್ ಲಾಟಿನ ಬಿಸಿಲಿನಲ್ಲಿ, ನೇರವಾಗಿಯೇ ಕೇಳಿದಿರಿ. "ವಸುಧಾ, ಅದು ನನ್ನ ಟೇಪಾ?"

"ಇಲ್ಲ ಆಂಟಿ. ಬೇರೆ ಮಗುವಿನ ಕೈಲಿ ಹೇಳಿಸಿದ್ದು."

ಬೈಗುಳ ತಪ್ಪಿಸಿಕೊಳ್ಳಲು ಆಡಿದ ಮಾತು ಅದು. ಆದರೆ ನಿಮ್ಮ ಮುಖ — ಅಷ್ಟು ಬೆಳಕನ್ನು ಆ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. "ಹಾಗಾದರೆ ಅವಳೇ" ಎಂದಿರಿ. ಕಳ್ಳತನ ಮಾಡಿದವಳು ಒಂದು ಸುಳ್ಳಿನಿಂದ ನಿಮ್ಮ ಮಗಳನ್ನು ಎಬ್ಬಿಸಿ ನಿಲ್ಲಿಸಿದ್ದೆ. ಅಂದಿನಿಂದ ನಿಮ್ಮ ಮನೆಗೆ ಬೀಗವಿಲ್ಲ.

ಹೆದರಿ, ಬಿಡುಗಡೆಗೆ ಮೊದಲು ಯಾನ್‌ಳನ್ನು ಅಳಿಸಿ ಬಾಲನಟಿಯನ್ನೇ ಹಾಕಿದೆ. ನನ್ನ ಸುಳ್ಳು ನಿಜವಾಗಲಿ ಎಂಬ ಆಸೆ. ನಿರ್ದೇಶಕಿ ಹಾರಾಡಿದಳು, ತಾಂತ್ರಿಕ ತೊಂದರೆ ಎಂದು ಬಾಯಿ ಮುಚ್ಚಿಸಿದೆ. ಬಿಡುಗಡೆಯಾದ ದಿನ ನೀವು ಥಿಯೇಟರಿನಿಂದ ಫೋನ್ ಮಾಡಿ, "ಇವತ್ತು ಇನ್ನೂ ಹತ್ತಿರದಿಂದ ಕರೆದಳು" ಎಂದಿರಿ. ನಾನು ಸಿನಿಮಾದ ಶಬ್ದದ ಕಡತ ತೆರೆದು ಹುಡುಕಿದೆ. ಯಾನ್ ಇರಲಿಲ್ಲ. ತಾಯಿಯ ಭ್ರಮೆ ಅಂದುಕೊಳ್ಳಬಹುದಿತ್ತು — ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಆಮೇಲೊಂದು ದಿನ ನಮ್ಮ ಮನೆಯ ಸೋಫಾದಲ್ಲಿ ಕೂತು ಟೀವಿಯಲ್ಲಿ ಅದೇ ಸಿನಿಮಾ ನೋಡದೆ ಇದ್ದಿದ್ದರೆ.

"ಯಾರವ್ವ ಈ ಮಕ್ಳು, ಇಬ್ರೂ ಒಟ್ಗೆ ಕೂಗ್ತಾವಲ್ಲ?"

"ಒಬ್ಬಳೇ ಅತ್ತೆ."

"ಇಲ್ಲ ಕಣವ್ವ. ಒಂದು ಟೀವೀಲೈತೆ. ಇನ್ನೊಂದು ಹೊರಗಡೆಯಿಂದ ಕೂಗ್ತೈತೆ, ಹೋಗಿ ನೋಡು."

ನಾನು ಹೋಗಿ ನೋಡಲಿಲ್ಲ. ಟೀವಿ ಆರಿಸಿದೆ.

ಈಗ ನಿಮ್ಮ ಹೃದಯದ ಆಪರೇಷನ್ನು ಆಗಲೇಬೇಕು, ಆಮೇಲೆ ಲಿವರ್‌ಮೋರಿನಲ್ಲಿ ಮಗನ ಮನೆಯಲ್ಲಿರಬೇಕು ಎನ್ನುತ್ತಾರೆ ಡಾಕ್ಟರು. ತಡವಾದರೆ ಜೀವಕ್ಕೇ ಅಪಾಯ. ನೀವು ಒಲ್ಲೆ ಎಂದಿದ್ದೀರಿ. 'ನಾನಿಲ್ಲದಾಗ ಬಂದರೆ ಅವಳಿಗೆ ಯಾರು ಓಗೊಡುತ್ತಾರೆ' ಎಂದು ಕೇಳಿದ್ದೀರಿ. ನಿಮ್ಮ ಮಗ ನನಗೆ ಫೋನ್ ಮಾಡಿ ಗೋಗರೆದರು. "ಅಮ್ಮ ನಿಮ್ಮ ಮಾತು ಕೇಳ್ತಾರೆ."

ಹೋದ ವಾರ ನಿಜ ಹೇಳಲೆಂದೇ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲ ಒಳಗೆ ಸಣ್ಣ ಮಗುವಿನ ಅಳತೆಯ ಚಪ್ಪಲಿ, ಹೊಸದು, ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ. ನನ್ನ ಹೆಜ್ಜೆಯ ಸದ್ದು ಕೇಳಿ ನೀವು ಅಡುಗೆಮನೆಯಿಂದ ಕರೆದಿರಿ. ಭಾಷೆ ಬಾರದಿದ್ದರೂ ಅಷ್ಟು ಅರ್ಥವಾಯಿತು. ಯಾನ್, ಬಂದೆಯಾ?

ನಾನು ಹೂಂ ಎಂದೆ.

ಯಾಕೆ ಎಂದು ಕೇಳಬೇಡಿ. ಕರುಣೆ ಎಂದರೆ ಅದೂ ಸುಳ್ಳಾದೀತು. ಹೂಂ ಎಂದವಳು ತಿರುಗಿ ನಡೆದು, ಕಾರು ಹತ್ತಿ, ಫ್ರೀವೇ ಸೇರಿದೆ. ಸಂಜೆ ಮತ್ತೆ ನಿಮ್ಮ ಮಗನ ಫೋನು. ಅಮ್ಮ ಆಪರೇಷನ್ನಿನ ಮಾತೇ ಎತ್ತಬೇಡ ಅಂತಿದ್ದಾರೆ, ಮಗಳು ಇವತ್ತು ಬಾಗಿಲವರೆಗೂ ಬಂದಿದ್ದಳಂತೆ, ಎಂದು ಹೇಳಿ ಅವರು ಅತ್ತರು.

ನಾಳೆ ಬೆಳಿಗ್ಗೆ ಬರುತ್ತೇನೆ, ಆಂಟಿ. ನಿಮಗೆ ಅರ್ಥವಾಗುವ ಇಂಗ್ಲಿಷಿನಲ್ಲೇ ಹೇಳುತ್ತೇನೆ — ಹಾಲ್‌ನಲ್ಲಿ ಕರೆದದ್ದು ನಿಮ್ಮ ಟೇಪು, ಬಾಗಿಲಲ್ಲಿ ಹೂಂ ಎಂದದ್ದು ನಾನು. ನಮ್ಮತ್ತೆಗೆ ಕೇಳಿಸಿದ್ದೇನೆಂದು ಮಾತ್ರ ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವುದೂ ಇಲ್ಲ. ನಿಮ್ಮ ಮಗಳನ್ನು ನಿಮ್ಮಿಂದ ಇನ್ನೊಮ್ಮೆ ಕಿತ್ತುಕೊಳ್ಳುವವಳು ನಾನೇ ಆಗುತ್ತೇನೆ. ಶಪಿಸಿ, ಹೊಡೆಯಿರಿ, ಆದರೆ ಆಸ್ಪತ್ರೆಗೆ ಹೋಗಿ. ನೀವು ಒಳಗಿನಿಂದ ಮತ್ತೆ ಅವಳನ್ನೇ ಕರೆಯುತ್ತೀರಿ, ಅದು ಗೊತ್ತು. ಈ ಸಲ ಹೊಸ್ತಿಲಲ್ಲಿ ನಿಂತು ನನ್ನ ಹೆಸರು ಹೇಳುತ್ತೇನೆ.